ಚಿಕ್ಕಮ್ಮ ನಡೆದು ಬರೆದ ಗುಡ್ಡಗಳು

ಇವತ್ತು ಮೂಡಿಗೆರೆಯ ಅಂಗಡಿಯೊಂದರಲ್ಲಿ ಟರ್ಪೆಂಟೈನ್ ವಾಸನೆ ಬಂತು. ಬಾಳೂರಿನ ನಮ್ಮ ಶಾಲೆಯ ಗೋಡೆ ನೆನಪಾಯಿತು.

ಅಲ್ಲಿ ಚಿತ್ರ ಕಲಿಸುತ್ತಿದ್ದವರು ನನ್ನ ಚಿಕ್ಕಮ್ಮ. ಜೀಪಿನಿಂದ ಬಿದ್ದು ಭುಜಕ್ಕೆ ಪೆಟ್ಟಾದ ಮೇಲೆ ಅವರ ಬಲಗೈ ಮೇಲೇಳುತ್ತಿರಲಿಲ್ಲ. ಶಾಲೆಯ ಗೋಡೆಯ ಮೇಲೆ ನಮ್ಮ ಕಡೆಯ ದೇವರಮನೆ ಬೆಟ್ಟಸಾಲಿನ ಗುಡ್ಡಗಳನ್ನು ಬರೆಯುವುದಾಗಿ ಅವರು ಅದಕ್ಕೂ ಮೊದಲೇ ಒಪ್ಪಿಕೊಂಡಿದ್ದರು.

"ಬೇರೆಯವ್ರಿಗೆ ಹೇಳ್ತೀನಿ, ನೀವು ಸುಧಾರಿಸ್ಕೊಳ್ಳಿ," ಅಂದರು ಹೆಡ್‌ಮಾಸ್ಟರು.

ಚಿಕ್ಕಮ್ಮ ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿದರು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಬ್ರಷ್ಷನ್ನು ಗೋಡೆಗಿಟ್ಟು ಅದರುದ್ದಕ್ಕೂ ನಡೆಯತೊಡಗಿದರು. ಗುಡ್ಡ ಏರುವಲ್ಲಿ ತುದಿಗಾಲಲ್ಲಿ ನಿಂತರು, ಇಳಿಯುವಲ್ಲಿ ಮಂಡಿ ಬಗ್ಗಿಸಿದರು. ಮೊದಮೊದಲು ನಕ್ಕ ನಾವು ಮಕ್ಕಳು ಆಮೇಲೆ ಬಣ್ಣದ ಡಬ್ಬಿ ಹಿಡಿದು ಅವರ ಹಿಂದೆ ನಡೆದೆವು.

"ನೋವಾಗ್ಲಿಲ್ವಾ ಚಿಕ್ಕಮ್ಮ?" ಅಂತ ಕೇಳಿದೆ.

"ಆಯ್ತು. ಗುಡ್ಡ ಹತ್ತಿ ಇಳ್ದಂಗೂ ಆಯ್ತು ಮಾರಾಯ್ತಿ," ಅಂದರು.

ಭುಜ ಸರಿಹೋಗಲೇ ಇಲ್ಲ. ಈಗ ಅವರು ಕಳಸದಲ್ಲಿದ್ದಾರೆ. ಮೊಮ್ಮಗಳಿಗೆ ಗೋಡೆಯ ಹಲಗೆಯ ಮೇಲೆ ಅಕ್ಷರ ತಿದ್ದಿಸುವಾಗಲೂ ಕುರ್ಚಿಯಿಂದ ಎದ್ದು, ಅಕ್ಷರದ ಜೊತೆ ತಾವೂ ಏರಿ ಇಳಿಯುತ್ತಾರಂತೆ.