ವಾದಿಯ ದಂಡೆಯ ಬನ್ನಿ

1989ರ ಫೆಬ್ರವರಿಯ ಒಂದು ಶುಕ್ರವಾರ ಕೊಲ್ಲಿ ನಾಡಿನ ನಮ್ಮ ಕನ್ನಡ ಸಂಘದವರು ನಿಜ್ವಾ ರಸ್ತೆಯ ಬದಿಯ ಒಂದು ವಾದಿಯಲ್ಲಿ ಘಾಫ್ ಸಸಿ ನೆಟ್ಟರು. ಸಸಿ ಬೆಳೆಸಿದವಳು ನನ್ನ ಹೆಂಡತಿ.

ವಾದಿ ಎಂದರೆ ನಮ್ಮ ಕಡೆಯ ಹಳ್ಳ. ಇದರಲ್ಲಿ ವರ್ಷವಿಡೀ ಒಂದು ಎಳೆಯಷ್ಟು ನೀರು ಹರಿಯುತ್ತಿತ್ತು, ಗುಂಡಿಗಳಲ್ಲಿ ಬೆರಳುದ್ದದ ಮೀನುಗಳಿದ್ದವು. ಬೇಸಗೆಯಲ್ಲಿ ಗುಂಡಿಯ ನೀರು ಕಾದು ಮೀನು ಸಾಯುತ್ತವೆ, ನೆರಳು ಬೇಕು ಎಂದು ಪಕ್ಕದ ಖರ್ಜೂರದ ತೋಟದ ಮುದುಕ ಕೇಳಿಕೊಂಡಿದ್ದ. ಘಾಫ್ ಅಂದರೆ ನಮ್ಮ ಬನ್ನಿ. ವಿಜಾಪುರ ಕಡೆಯವಳಾದ ನನ್ನ ಹೆಂಡತಿ ಎಲೆ ನೋಡಿದ ಕೂಡಲೇ ಗುರುತಿಸಿದ್ದಳು. ಕಾಯಿ ಆರಿಸಿ ತಂದು, ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಹಾಲಿನ ಪುಡಿಯ ಖಾಲಿ ಡಬ್ಬಿಗಳಲ್ಲಿ ಒಂದು ವರ್ಷ ಸಾಕಿದ್ದಳು.

ಸಂಘದ ಅಧ್ಯಕ್ಷರು ಕರಾವಳಿಯವರು. ಊರಿನ ತೋಡಿನ ಬದಿಯಲ್ಲಿ ತೆಂಗು ಇಟ್ಟ ಹಾಗೆ ನೀರಿನಂಚಿಗೇ ಗುಂಡಿ ತೋಡಿಸಿದರು.

"ಅಣ್ಣಾರ, ಅಲ್ಲಿ ಬ್ಯಾಡ್ರಿ," ಎಂದಳು ನನ್ನ ಹೆಂಡತಿ. "ಹಳ್ಳ ಬಂದ್ರ ಎಲ್ಲಾ ಒಯ್ತದ. ಮ್ಯಾಲೆ, ಆ ದೊಡ್ಡ ಕಲ್ಲಿನ ಹಿಂದ ಹಚ್ಚೂಣು. ಬನ್ನಿ ಬೇರು ತಾನ ನೀರು ಹುಡುಕ್ತದ."

"ಅಕ್ಕಾ, ನಿಮ್ಮ ಊರಲ್ಲಿ ನೀರು ಬರುವುದೇ ಟ್ಯಾಂಕರಲ್ಲಿ ಅಲ್ವಾ? ಹೊಳೆ ವಿಷಯ ಹೊಳೆಬದಿಯವರಿಗೆ ಬಿಡಿ ಮಾರಾಯ್ರೆ. ನೀವು ಬಿರಿಯಾನಿ ಡಬ್ಬ ಬಿಚ್ಚಿ."

ಎಲ್ಲರೂ ನಕ್ಕರು. ಆ ನಗು ನನಗೆ ಚೆನ್ನಾಗಿ ನೆನಪಿದೆ. ಉಳಿದವರು ಊಟಕ್ಕೆ ಕೂತಾಗ ಅವಳು ಎರಡು ಡಬ್ಬಿ ಎತ್ತಿಕೊಂಡು ಹೋಗಿ, ಆ ಕಲ್ಲಿನ ಹಿಂದೆ ನೆಟ್ಟು ಬಂದಳು.

ಮಾರ್ಚಿನಲ್ಲಿ ಬೆಟ್ಟದ ಮೇಲೆ ಮಳೆಯಾಯಿತು. ವಾದಿ ಬಂತು. ನೆರೆ ಬಂದರೆ ಅಲ್ಲಿಯವರೂ ಹಾಗೆಯೇ ಹೇಳುತ್ತಾರೆ, ನಮ್ಮ ಕಡೆ ಹಳ್ಳ ಬಂತು ಅಂದ ಹಾಗೆ. ಅಂಚಿನ ಸಸಿಗಳಲ್ಲಿ ಒಂದೂ ಉಳಿಯಲಿಲ್ಲ. ಕಲ್ಲಿನ ಹಿಂದಿನ ಎರಡೂ ಉಳಿದವು. ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಮೈಕಿನಲ್ಲಿ ಹೇಳಿದರು: "ಡಬ್ಬಿಯಲ್ಲಿ ಬೆಳೆಸಿದ ಸಸಿಗೆ ತ್ರಾಣ ಇರುವುದಿಲ್ಲ. ಇನ್ನು ನರ್ಸರಿಯಿಂದಲೇ ತರುವ." ಹೆಂಡತಿ ಮೊದಲ ಸಾಲಿನಲ್ಲಿ ಕೂತಿದ್ದಳು. ಆಮೇಲೆ ಅವಳು ಸಂಘದ ಮೆಟ್ಟಿಲು ಹತ್ತಲಿಲ್ಲ. ಬಾಲ್ಕನಿಯಲ್ಲಿ ಉಳಿದಿದ್ದ ಸಸಿಯ ಡಬ್ಬಿಗಳನ್ನು ಕಸಕ್ಕೆ ಹಾಕಲು ತೆಗೆದಿಟ್ಟಳು. ನಾನು ಬಿಡಲಿಲ್ಲ.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದವನು. ತಪ್ಪು ಸುದ್ದಿ ಅಚ್ಚಾದರೆ ತಿದ್ದುಪಡಿ ಹಾಕಬೇಕು, ಅದೂ ಅದೇ ಜಾಗದಲ್ಲಿ. ಮುಂದಿನ ಚಳಿಗಾಲಗಳಲ್ಲಿ ಶುಕ್ರವಾರ ರಜೆ ಸಿಕ್ಕಾಗಲೆಲ್ಲ ನಾವಿಬ್ಬರೂ ಅಲ್ಲಿಗೆ ಹೋದೆವು. ಡಬ್ಬಿಯ ಸಸಿಗಳನ್ನೇ ಎತ್ತರದ ದಂಡೆಯಲ್ಲಿ, ಕಲ್ಲುಗಳ ಹಿಂದೆ ನೆಟ್ಟೆವು. ಕ್ಯಾನಿನಲ್ಲಿ ನೀರು ಹೊತ್ತು ಹಾಕಿದೆವು, ಆಡಿನ ಬಾಯಿಗೆ ಸಿಗದಂತೆ ಮುಳ್ಳು ಮುಚ್ಚಿದೆವು. ಪುಣ್ಯಕ್ಕೆ ಮಾಡಿದ ಕೆಲಸವಲ್ಲ. ಮೀನಿನ ಚಿಂತೆ ತೋಟದ ಮುದುಕನದಾಗಿತ್ತು. ಪ್ರತಿ ಗುಂಡಿ ತೋಡುವಾಗಲೂ ನನ್ನ ಕಿವಿಯಲ್ಲಿದ್ದದ್ದು ಆ ಮೈಕು. ಪಾಂಡವರು ಆಯುಧ ಬಚ್ಚಿಟ್ಟು ಕಾದ ಮರ ಇದು. ನಾನೂ ಕಾದೆ.

1996ರ ದಸರೆಯ ಹೊತ್ತಿಗೆ ಮರಗಳು ತಲೆಗಿಂತ ಎತ್ತರವಾಗಿದ್ದವು. ಸಂಘದಲ್ಲಿ ನಮ್ಮ ವಿಜಾಪುರ ಕಡೆಯ ಕುಟುಂಬಗಳೂ ಹೆಚ್ಚಾಗಿದ್ದವು. ಅವರಿಗಾಗಿ ಹಬ್ಬ ಮುಗಿದ ಮೇಲಿನ ಶುಕ್ರವಾರ ವಾದಿಯಲ್ಲೇ ಬನ್ನಿ ಹಂಚುವ ಕಾರ್ಯಕ್ರಮ ಇಟ್ಟರು. ನಾವೂ ಹೋದೆವು. ಅಧ್ಯಕ್ಷರು ಬಸ್ಸಿನಿಂದಿಳಿದವರೇ ದಂಡೆಯತ್ತ ಕೈ ಮಾಡಿದರು. "ನೋಡಿ, ನಮ್ಮ ಸಂಘ ಇಟ್ಟ ಮರಗಳು!"

ನಮ್ಮಲ್ಲಿ ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದರೆ ಹಳೆಯ ಜಗಳ ಅಲ್ಲಿಗೆ ಮುಗಿಯಿತು. ಆಮೇಲೆ ಅದನ್ನು ಎತ್ತುವಂತಿಲ್ಲ. ಈ ಪದ್ಧತಿಯನ್ನು ಯಾರೋ ಅಧ್ಯಕ್ಷರಿಗೆ ಹೇಳಿಕೊಟ್ಟಿದ್ದರು. ನಾನು ಎಲೆ ಹಂಚುತ್ತಿದ್ದಲ್ಲಿಗೆ ನಗುತ್ತ ಬಂದು ಎಲ್ಲರೆದುರು ಕೈ ಚಾಚಿದರು.

"ಕೊಡಿ ಮಾರಾಯ್ರೆ, ನಮಗೂ ಸ್ವಲ್ಪ ಬಂಗಾರ. ಹಳೆಯದೆಲ್ಲ ಖಲಾಸ್."

ನಾನು ಎಲೆಯಿದ್ದ ಕೈ ಹಿಂದಕ್ಕೆ ತೆಗೆದುಕೊಂಡೆ. ನೀರಿನಂಚಿನ ಬರೀ ಕಲ್ಲುಗಳನ್ನು ತೋರಿಸಿದೆ.

"ಇವು ಡಬ್ಬಿಯ ಸಸಿ, ತ್ರಾಣ ಇಲ್ಲ. ನೀವು ಇಟ್ಟದ್ದು ಅಲ್ಲುಂಟು. ಹೋಗಿ ಕಿತ್ತುಕೊಳ್ಳಿ."

ಮೊದಲು ನಕ್ಕವಳು ನನ್ನ ಹೆಂಡತಿ. ಆಮೇಲೆ ಎಲ್ಲರೂ ನಕ್ಕರು. ಚಾಚಿದ ಕೈಯನ್ನು ಅವರು ಪ್ಯಾಂಟಿಗೆ ಒರೆಸಿಕೊಂಡರು.

ವಾಪಸು ಬರುವಾಗ ಕಾರಿನಲ್ಲಿ ಅವಳು ಕೇಳಿದಳು, "ಒಂದೆಲಿ ಕೊಟ್ಟಿದ್ರ ಏನಾಗ್ತಿತ್ತು?"

"ಜಗಳ ಮುಗೀತಿತ್ತು."

ಎರಡು ವರ್ಷದ ಬಳಿಕ ಅಧ್ಯಕ್ಷರು ಊರಿಗೆ ಮರಳಿದರು. ಬೀಳ್ಕೊಡುಗೆಗೆ ನಮಗೂ ಕರೆ ಬಂದಿತ್ತು, ನಾವು ಹೋಗಲಿಲ್ಲ. 1999ರಲ್ಲಿ ವಾದಿಯನ್ನು ಕೊನೆಯ ಸಲ ನೋಡಿದಾಗ ದಂಡೆಯ ಮರಗಳ ನೆರಳು ಮೀನಿನ ಗುಂಡಿಯ ಮೇಲೆ ಬಿದ್ದಿತ್ತು. ನೀರಿನಂಚಿನಲ್ಲಿ ಮರವಿರಲಿಲ್ಲ.