ಅಕ್ಕೋರು ಬಿಟ್ಟ ಆಟ

ಹಳೆಯ ಕಂಪ್ಯೂಟರ್ ಬಿಸಿಯಾದರೆ ಒಂದು ವಾಸನೆ ಬರುತ್ತದೆ. ಸುಟ್ಟ ಧೂಳಿನ ವಾಸನೆ, ಕಾದ ಹಂಚಿನ ಮೇಲೆ ಜೇಡರ ಬಲೆ ಬಿದ್ದಂತೆ. ಕಳೆದ ತಿಂಗಳು ಮೊಬೈಲಿನ ಚಾರ್ಜಿಂಗ್ ಪಿನ್ನು ಕೆಟ್ಟಿತೆಂದು ನಿಪ್ಪಾಣಿ ಸ್ಟ್ಯಾಂಡಿನ ಹಿಂದಿನ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ನಲವತ್ತು ದಾಟಿದ ಮನುಷ್ಯ. ಹಳೇ ಟಿವಿಯಂತೆ ಬೆನ್ನು ಉಬ್ಬಿದ ಒಂದು ಕಂಪ್ಯೂಟರ್ ಹಚ್ಚಿಕೊಂಡು ಕೂತಿದ್ದ. ಆ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಕೊಡಲಿಯ ಸದ್ದು... ಟಕ್, ಟಕ್, ಟಕ್. ತಿರುಗಿ ನೋಡುವ ಮೊದಲೇ ಗೊತ್ತಾಯಿತು, ಅದೇ ಆಟ.

"ಕಾಲೇಜಿನ್ಯಾಗ ಇದ್ದಾಗ ಆಡ್ತಿದ್ದೆ ಅಜ್ಜಿ," ಅಂದ, ನಾನು ಕೇಳದಿದ್ದರೂ. "ಈಗ ಮತ್ತ ಹುಡುಕಿ ಹಾಕೀನಿ. ಇದರಂಥಾ ಮಜಾ ಈಗಿನ ಒಂದ್ ಆಟದಾಗೂ ಇಲ್ಲ. ಒಳಗ ಗುಟ್ಟ ಭಾಳ ಅದಾವ. ನಿಮಗ ತಿಳೀದು ಬಿಡ್ರಿ."

"ಯಾಕ ತಿಳೀದು? ಕೆರಿ ಬಾಜೂಕ ಕಟಿಗಿ ಕಡ್ಯಾಕ ಮಂದಿ ಕಳಿಸಿ ನೋಡು. ಗುಡ್ಡದ ಹಿಂದ ಕೆಂಪ ಮಂದಿ ಕುಂತಾರ. ಒಬ್ಬನೂ ತಿರಗಿ ಬರೂದಿಲ್ಲ."

ಅವನ ಕೈಯಲ್ಲಿದ್ದ ನನ್ನ ಮೊಬೈಲು ಅಲ್ಲೇ ನಿಂತಿತು. ಬಾಯಿ ತೆರೆದು ನನ್ನನ್ನೇ ನೋಡಿದ. ನನಗೆ ಸಿಟ್ಟು ಬಂದಿತ್ತು. ಅವನ ಮೇಲಲ್ಲ, ತೀರಿಹೋದ ಒಬ್ಬ ಹೆಂಗಸಿನ ಮೇಲೆ. ಎಷ್ಟೋ ವರ್ಷದ ಹಿಂದೆಯೇ ಆರಿದೆ ಅಂದುಕೊಂಡಿದ್ದ ಸಿಟ್ಟು, ಒಂದು ವಾಸನೆಗೆ ಎದ್ದು ಕೂತಿತು.

ಆಕೆಯನ್ನು ಓಣಿಯೆಲ್ಲ ಅಕ್ಕೋರು ಅನ್ನುತ್ತಿತ್ತು. ಸಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. ಜೈನರು, ಮದುವೆ ಮಾಡಿಕೊಂಡವರಲ್ಲ. ನಿವೃತ್ತಿಯಾದ ಮೇಲೆ ನಮ್ಮ ಬಾಜೂ ಮನೆಯಲ್ಲಿ ಒಬ್ಬರೇ ಇದ್ದರು. ನಾನು ಬೀಡಿ ಕಟ್ಟುವವಳು. ನನ್ನ ಮನೆಯೊಳಗೆ ಹಾಡಹಗಲೂ ಕತ್ತಲೆ, ಅವರ ಬಾಗಿಲಿಗೆ ಮುಂಜಾನೆಯಿಂದ ಬೆಳಕು. ಹಾಗಾಗಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅವರ ಹೊಸ್ತಿಲ ಹೊರಗೆ ಕೂತು ಬೀಡಿ ಕಟ್ಟುತ್ತಿದ್ದೆ. ಹೊಸ್ತಿಲ ಒಳಗೆ ತಂಬಾಕು ಬರಕೂಡದು. ಕೈ ತೊಳೆದುಕೊಂಡರೆ ನಾನು ಬರಬಹುದಿತ್ತು.

ಅವರ ತಮ್ಮ ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಅದು ನಡೆಯಲಿಲ್ಲ. ಮುಚ್ಚಿ ಶೇಡಬಾಳಕ್ಕೆ, ತನ್ನ ದ್ರಾಕ್ಷಿ ತೋಟಕ್ಕೆ ಹೋಗುವಾಗ ಒಂದು ಯಂತ್ರವನ್ನು ಅಕ್ಕನ ಮನೆಯಲ್ಲಿ ಇಳಿಸಿಹೋದ. ಅದರೊಳಗೆ ಈ ಆಟ ಇತ್ತು.

ಆಟ ಹೀಗೆ. ಪರದೆ ಮೊದಲು ಪೂರ್ತಿ ಕಪ್ಪು. ನಿಮ್ಮ ಮಂದಿ ನಡೆದಲ್ಲಿ ಮಾತ್ರ ಬೆಳಕು ಬಿದ್ದು ನೆಲ ಕಾಣುತ್ತದೆ. ಅವರಿಂದ ಕಟ್ಟಿಗೆ ಕಡಿಸಬೇಕು, ಹೊಲ ಮಾಡಿಸಬೇಕು, ಕಲ್ಲು ಒಡೆಸಿ ಗೋಡೆ ಕಟ್ಟಿಸಬೇಕು. ಕಡೆಗೆ ದಂಡು ಕೂಡಿಸಿಕೊಂಡು ಹೋಗಿ ಕೆಂಪು ಅಂಗಿಯ ವೈರಿಗಳನ್ನು ಕಡಿಯಬೇಕು. ಎಲ್ಲರೂ ಹಾಗೇ ಗೆಲ್ಲುವುದು. ಅಕ್ಕೋರು ಒಬ್ಬ ಸಿಪಾಯಿಯನ್ನೂ ಮಾಡಲಿಲ್ಲ. ಅಡವಿಯಲ್ಲಿ ಬೇಟೆಗೆಂದೇ ಬಿಟ್ಟ ಜಿಂಕೆಗಳಿದ್ದವು, ಮುಟ್ಟಲಿಲ್ಲ. ಕೆರೆಯ ತುಂಬ ಮೀನು, ಮುಟ್ಟಲಿಲ್ಲ. ಹೊಲದಲ್ಲಿ ಬೆಳೆದಷ್ಟೇ ಊಟ. ಅವರ ಮಂದಿ ಅರೆಹೊಟ್ಟೆಯಲ್ಲಿ ಗೋಡೆ ಕಟ್ಟುತ್ತಿದ್ದರು, ಕೆಂಪು ಮಂದಿ ಬಂದು ಕೆಡವುತ್ತಿದ್ದರು, ಇವರು ಮತ್ತೆ ಕಟ್ಟಿಸುತ್ತಿದ್ದರು.

"ಅಕ್ಕೋರೆ, ಅದು ಚಿತ್ರದ ಜಿಂಕಿ ಐತ್ರಿ. ಅದಕ್ಕೇನ ಜೀವ ಇರ್ತೈತೇನು?" ಅಂದೆ ಒಮ್ಮೆ, ನೋಡಲಾಗದೆ.

"ಜಿಂಕಿಗೆ ಜೀವ ಇಲ್ಲ. ಹೊಡಿ ಅಂತ ಒತ್ತೋ ನನ್ನ ಬೆರಳಿಗೈತಲ್ಲ."

"ಹಂಗಾದ್ರ ಗೋಡಿ ಕಟಗೋತ ಸಾಯ್ರಿ."

"ಕಟ್ತೀನಿ. ನೀ ನಿನ್ನ ಬೀಡಿ ಕಟ್ಟು."

ಇನ್ನೊಂದು ನೇಮ ಇತ್ತು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು, ಆಟವನ್ನೂ ಅಷ್ಟರಲ್ಲೇ ಮುಗಿಸುತ್ತಿದ್ದರು. ಕತ್ತಲಾದರೆ ಬೆಳಗುವ ಪರದೆಗೆ ಹುಳುಗಳು ಬಂದು ಬಡಿದು ಸಾಯುತ್ತವೆ ಎಂದು. ಕೆಂಪು ಮಂದಿ ಅಗಸಿ ಬಾಗಿಲು ಮುರಿಯುತ್ತಿರುವಾಗಲೇ ಒಂದು ಗುಂಡಿ ಒತ್ತಿ ಎಲ್ಲರನ್ನೂ ನಿಂತಲ್ಲೇ ಕಲ್ಲು ಮಾಡಿ, ಪರದೆ ಆರಿಸಿ ಎದ್ದು ಹೋಗಿಬಿಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಆದರೂ ಮರುದಿನ ಮೊರ ಹಿಡಿದು ಅವರು ಬಾಗಿಲು ತೆರೆಯುವ ಮೊದಲೇ ಹೋಗಿ ಕೂರುತ್ತಿದ್ದೆ. ನನ್ನ ಬಾಳಿನಲ್ಲಿ ಕಾಯುವಂಥದ್ದು ಬೇರೆ ಏನೂ ಇರಲಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆ ಕಲ್ಲನ್ನು ಕಂಡವಳು ನಾನು. ರಾಶಿ ಎಲೆಯಲ್ಲಿ ಒಂದು ಎಲೆ ಬೇರೆಯಿದ್ದರೂ ಬೀಡಿಯವಳ ಕಣ್ಣಿಗೆ ಬೀಳುತ್ತದೆ. ಕೆರೆಯ ಆಚೆ ಒಂದು ಕರಿಕಲ್ಲು. ಗಿಡ, ಗುಡಿಸಲು, ಗೋಡೆ, ಎಲ್ಲದರ ನೆರಳು ಎಡಕ್ಕೆ ಬಿದ್ದಿದ್ದರೆ ಇದರದು ಒಂದೇ ಬಲಕ್ಕೆ. ಹೊಸ್ತಿಲಿಂದಲೇ ಕೂಗಿ ಹೇಳಿದೆ. ಅಕ್ಕೋರು ಕನ್ನಡಕ ಒರೆಸಿಕೊಂಡು ನೋಡಿದರು, ಹೌದು ಅಂದರು. ಅಂದಿನಿಂದ ಗೆಲ್ಲುವುದು ಸೋಲುವುದು ಇಬ್ಬರಿಗೂ ಬೇಡವಾಯಿತು. ಆ ಕಲ್ಲಿನಲ್ಲಿ ಏನಿದೆ, ಅದೊಂದೇ. ಸುತ್ತಿಗೆಯವನನ್ನು ಕಳಿಸಿದರು, ಗುದ್ದಲಿಯವನನ್ನು ಕಳಿಸಿದರು. ಎಲ್ಲರೂ ಅದನ್ನು ಸುತ್ತಿ ವಾಪಸು ಬರುತ್ತಿದ್ದರು. ಎರಡು ತಿಂಗಳು ಹೀಗೇ ಹೋಯಿತು.

ಒಂದು ಸಂಜೆ ನನಗೆ ಹೊಳೆಯಿತು. "ಅಕ್ಕೋರೆ, ಹೋದವರೆಲ್ಲಾ ಕೈಯಾಗ ಏನರೆ ಹಿಡಕೊಂಡ ಹೋಗ್ಯಾರ. ಇನ್ನೂ ಕೆಲಸ ಹಚ್ಚದ ಬರಿಗೈ ಮಂದಿ ಇರ್ತಾರಲ್ಲ, ಅಂಥಾ ನಾಕ್ ಮಂದಿನ ಕಲ್ಲಿನ ನಾಕೂ ಕಡೆ ನಿಲ್ಸರಿ."

ಅಕ್ಕೋರ ಮುಖ ಅರಳಿತು. ಕಿಟಕಿಯ ಆಚೆ ನೋಡಿದರು. ಹೊತ್ತು ಇಳಿಯುತ್ತಿತ್ತು.

"ನಾಳಿ ನೋಡೂಣು," ಅಂದರು.

ಆ ನಾಳೆ ಬರಲಿಲ್ಲ. ಮರುದಿನ ಬಸದಿಯಲ್ಲಿ ಚಾತುರ್ಮಾಸ ಶುರು. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಒಂದೇ ಊರಲ್ಲಿ ನಿಲ್ಲುತ್ತಾರೆ, ಮಂದಿ ಅವರ ಮುಂದೆ ಎದ್ದು ನಿಂತು ಇಷ್ಟವಾದದ್ದೊಂದನ್ನು ಅಷ್ಟು ದಿನ ಬಿಡುತ್ತೇನೆಂದು ನೇಮ ಹಿಡಿಯುತ್ತಾರೆ. ಒಬ್ಬಳು ಬದನೆಕಾಯಿ ಬಿಟ್ಟಳಂತೆ, ತಿಂದರೆ ಆಕೆಗೆ ಮೈ ತುರಿಸುತ್ತಿತ್ತು. ಒಬ್ಬ ಬೆಲ್ಲ ಬಿಟ್ಟನಂತೆ, ಅವನಿಗೆ ಸಕ್ಕರೆ ಕಾಯಿಲೆ. ಜಗತ್ತು ಹಾಗೆ ನಡೆಯುತ್ತದೆ. ಇವರು ಮಾತ್ರ ಎದ್ದು ನಿಂತು, ಕಂಪ್ಯೂಟರಿನ ಆಟ ಬಿಟ್ಟೆ ಅಂದರು. ನೆರೆದವರೆಲ್ಲ ನಕ್ಕರಂತೆ.

ಬಂದು ನನ್ನೆದುರು ನಿಂತು ಹೇಳಿದಾಗ ನನಗೆ ನಗೆ ಬರಲಿಲ್ಲ.

"ಅರ್ಧ ಆಟ ನಂದ್ರಿ. ನನ್ನ ಕೇಳಿದ್ರೇನ?"

"ಇಷ್ಟ ಇದ್ದದ್ದ ಬಿಡಬೇಕ ಬೇ. ಇಷ್ಟ ಇಲ್ಲದ್ದ ಬಿಟ್ಟರ ಅದು ನೇಮ ಹೆಂಗಾದೀತು?"

"ಇಷ್ಟ ನನಗೂ ಇತ್ತಲ್ರಿ!"

"ನೀ ಆಡು. ಕೈ ತೊಳಕೊಂಡ ಬಾ. ಹಚ್ಚಿ ಕೊಡ್ತೀನಿ," ಅಂದರು. ಹಚ್ಚಿಕೊಟ್ಟು, ಅಡುಗೆಮನೆಗೆ ಹೋಗಿ, ಪರದೆಗೆ ಬೆನ್ನು ಮಾಡಿ ಕೂತು ಅಕ್ಕಿ ಆರಿಸತೊಡಗಿದರು. ನನಗೂ ಅವರಿಗೂ ನಡುವೆ ಹತ್ತು ಹೆಜ್ಜೆ.

ಮೂರು ದಿನ ಬೇಕಾಯಿತು ನನಗೆ ಆ ಇಲಿಯಂಥದ್ದನ್ನು ಹಿಡಿದು ಮಂದಿ ನಡೆಸುವುದನ್ನು ಕಲಿಯಲು. ನಾಲ್ಕನೆಯ ದಿನ ಬರಿಗೈಯ ನಾಲ್ವರನ್ನು ಕಲ್ಲಿನ ನಾಲ್ಕು ದಿಕ್ಕಿಗೆ ನಿಲ್ಲಿಸಿದೆ. ಕಲ್ಲು ಸರಿಯಿತು. ಒಳಗಿಂದ ಒಂದು ಓಲೆ ಎದ್ದು ಪರದೆಯ ತುಂಬ ಬಿಚ್ಚಿಕೊಂಡಿತು. ಅದರ ಮೇಲೆ ಬಳ್ಳಿ ಬಳ್ಳಿಯಾಗಿ ಬರೆದ ಮೂರು ಸಾಲು ಇಂಗ್ಲಿಷು, ಕೆಳಗೆ ಎರಡು ಚೌಕ. ನಾನು ನಾಲ್ಕನೇ ಇಯತ್ತೆಗೇ ಕನ್ನಡ ಸಾಲೆ ಬಿಟ್ಟವಳು.

"ಅಕ್ಕೋರೆ! ತಗೀತು! ಏನೋ ಬರದೈತಿ, ಲಗೂ ಬರ್ರಿ!"

ಅಕ್ಕಿಯ ಮರಿಗೆಯಲ್ಲಿ ಕೈ ನಿಂತದ್ದು ಕಾಣಿಸಿತು. ಬೆನ್ನು ತಿರುಗಲಿಲ್ಲ.

"ನನಗ ನೇಮ ಐತಿ."

"ಆಡಬ್ಯಾಡ್ರಿ, ಓದ್ರಿ ಅಷ್ಟ!"

"ನೋಡೋದೂ ಆಡೋದ ಬೇ."

"ಬಾ ಬೇ ಮುದುಕಿ!" ಅಂದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಬಹುವಚನ ಬಿಟ್ಟಿದ್ದೆ. ಆಗಲೂ ತಿರುಗಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು. ಅಳುತ್ತಿದ್ದರೋ ಏನೋ... ನನಗೆ ಆಗ ಅದು ಬೇಕಿರಲಿಲ್ಲ.

ಬೀಡಿ ಕಟ್ಟಿನ ಲೇಬಲ್ ಕಾಗದದ ಹಿಂಬದಿಗೆ, ಅವರದೇ ಪೆನ್ಸಿಲ್ಲಿನಿಂದ, ಆ ಮೂರು ಸಾಲನ್ನು ಕಂಡ ಹಾಗೆ ಬರೆದುಕೊಂಡೆ. ಆಮೇಲೆ ಎಡಗಡೆಯ ಚೌಕ ಒತ್ತಿದೆ. ಪರದೆ ಕಪ್ಪಾಯಿತು. ಮತ್ತೆ ಬೆಳಕಾದಾಗ ನಮ್ಮ ಗೋಡೆ ಇಲ್ಲ, ಹೊಲ ಇಲ್ಲ, ಕೆರೆ ಇಲ್ಲ. ಯಾರೂ ಆಡಿಲ್ಲವೇನೋ ಅನ್ನುವಂತೆ ಆಟ ಮೊದಲಿಂದ ಶುರುವಾಗಿತ್ತು. ಮೊರ ಎತ್ತಿಕೊಂಡು ಮನೆಗೆ ಬಂದೆ. ಮಳೆಗಾಲವಿಡೀ ಕತ್ತಲೆಯಲ್ಲೇ ಕೂತು ಬೀಡಿ ಕಟ್ಟಿದೆ.

ನೇಮ ಮುಗಿದ ಮರುದಿನ ಅವರೇ ನನ್ನ ಬಾಗಿಲಿಗೆ ಬಂದರು. ತಂಬಾಕಿನ ಘಾಟಿಗೆ ಸೆರಗು ಮೂಗಿಗಿಟ್ಟುಕೊಂಡು, ಒಳಗೆ ಬಂದು ಕೂತರು.

"ಏನ್ ಬರದಿತ್ತು?"

"ನೆನಪಿಲ್ಲ. ನಾ ಓದದಾಕಿ."

"ಅಕ್ಷರದ ಆಕಾರ ಹೆಂಗಿತ್ತು ಹೇಳು ಸಾಕು."

"ನೆನಪಿಲ್ಲ ಅಂದ್ನಲ್ರಿ."

ಕಾಗದ ನನ್ನ ಟ್ರಂಕಿನಲ್ಲಿತ್ತು, ಅವರು ಕೂತಲ್ಲಿಂದ ಒಂದು ಮೊಳ. ಕೊಡಲಿಲ್ಲ. ಅವರು ಮತ್ತೆ ಆಡಿದರು, ಮತ್ತೆ ಆ ಕಲ್ಲಿನವರೆಗೆ ಹೋದರು, ಬರಿಗೈಯವರನ್ನು ನಿಲ್ಲಿಸಿದರು. ಕಲ್ಲು ಸರಿಯಲಿಲ್ಲ, ಒಮ್ಮೆ ತೆರೆದದ್ದು ಮತ್ತೆ ತೆರೆಯುವಂಥದ್ದಲ್ಲವೇನೋ. ವರ್ಷಗಟ್ಟಲೆ ಕೇಳಿದರು. ಹಬ್ಬಕ್ಕೆ ಹೋಳಿಗೆ ತಂದುಕೊಟ್ಟು ಕೇಳಿದರು. ಯಂತ್ರ ಹೊಗೆ ಬಂದು ಸತ್ತ ಮೇಲೂ ಕೇಳಿದರು. ನಾನು ಪ್ರತಿ ಸಲ ಅದೇ ಹೇಳಿದೆ. ಹೇಳಿದಾಗೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕಡೆಗೆ ಅವರ ಕಣ್ಣು ಹೋದವು. ತಮ್ಮ ಬಂದು ಶೇಡಬಾಳಕ್ಕೆ ಕರೆದೊಯ್ದ. ಹಾಸಿಗೆ ಹಿಡಿದಿದ್ದಾರೆ ಎಂದು ಸುದ್ದಿ ಬಂದಾಗ ಕಾಗದವನ್ನು ಕುಪ್ಪಸದಲ್ಲಿಟ್ಟುಕೊಂಡು, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಹೋದೆ. ಎಲುಬಷ್ಟೇ ಉಳಿದಿದ್ದರು. ದನಿಯಿಂದಲೇ ಗುರುತು ಹಿಡಿದರು.

"ಚೀಟಿ ತಂದೀನ್ರಿ," ಅಂದೆ. "ಅವತ್ತ ಬರಕೊಂಡಿದ್ದೆ."

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಸುಮ್ಮನೆ ಅಂಗೈ ಚಾಚಿದರು. "ನನಗ ಕಣ್ಣಿಲ್ಲ. ಬೆರಳಿಲೆ ಬರಿ," ಅಂದರು. ಕಾಗದ ನೋಡುತ್ತ ಒಂದೊಂದೇ ಆಕಾರವನ್ನು ಆ ಅಂಗೈ ಮೇಲೆ ತಿದ್ದಿದೆ. "ಹಗೂರ... ಬೀಡಿ ತಿಕ್ಕಿದಂಗ ತಿಕ್ಕಬ್ಯಾಡ. ಮತ್ತೊಮ್ಮಿ ಬರಿ." ಮೂರೂ ಸಾಲು ಮುಗಿಯುವಷ್ಟರಲ್ಲಿ ನನ್ನ ಬೆನ್ನು ಬೆವತಿತ್ತು. ಅವರು ಅಂಗೈ ಮುಚ್ಚಿಕೊಂಡರು.

"'ಆಯುಧ ಇಲ್ದ ಬಂದವರಿಗೆ ಈ ನಾಡ ಸೇರಿದ್ದು. ನೀವು ಗೆದ್ದೀರಿ,' ಅಂತ ಬರದೈತಿ," ಅಂದರು. "ಗೆದ್ದಾಕಿ ನೀ. ನಾ ಅಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದೆ. ಎಂಟು ದಿನಕ್ಕೆ ಅವರು ಹೋದರು. ನಾನು ಹುಟ್ಟಿ ಗೆದ್ದದ್ದು ಅದೊಂದೇ, ಮಂದಿಗೆ ಹೇಳಿಕೊಂಡು ತಿರುಗಲಿಲ್ಲ, ಒಳಗೇ ಇಟ್ಟುಕೊಂಡಿದ್ದೆ.

ರಿಪೇರಿ ಅಂಗಡಿಯಿಂದ ಬಂದ ಮರುದಿನ ಆ ಕಾಗದ ತೆಗೆದುಕೊಂಡು ಮತ್ತೆ ಅಲ್ಲಿಗೆ ಹೋದೆ. ಗುಟ್ಟು ಗೊತ್ತು ಅನ್ನುವವನಿಗೆ ತೋರಿಸೋಣ ಎಂಬ ಸೊಕ್ಕು. ಕಲ್ಲಿನದು, ಓಲೆಯದು ಹೇಳಿ ಕೈಗೆ ಕೊಟ್ಟೆ. ಅವನು ಕಾಗದವನ್ನು ಹೀಗೆ ಹಿಡಿದ, ಹಾಗೆ ಹಿಡಿದ, ತಲೆಕೆಳಗು ಮಾಡಿ ಹಿಡಿದ.

"ಅಜ್ಜಿ, ಇದರಾಗ ಒಂದೂ ಅಕ್ಷರ ಇಲ್ರಿ."

"ಸರಿ ನೋಡು. ಇಂಗ್ಲಿಷ್ ಐತಿ."

"ಇಂಗ್ಲಿಷೂ ಅಲ್ಲ, ಯಾವ ಭಾಷಾನೂ ಅಲ್ಲ. ಬಳ್ಳಿ ತಗದಂಗ ತಗದೀರಿ. ಇದನ್ನ ಯಾರೂ ಓದಾಕ ಆಗೂದಿಲ್ರಿ." ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದ. "ತಡೀರಿ, ಆ ಓಲ್ಯಾಗ ಖರೇ ಏನ್ ಬರ್ತೈತಿ ಅಂತ ಮೊಬೈಲ್ನಾಗ ನೋಡಿ ಹೇಳ್ತೀನಿ. ಒಂದ್ ಮಿನಿಟ್."

"ಬ್ಯಾಡ," ಅಂದೆ. ಕಾಗದ ಕಿತ್ತುಕೊಂಡೆ. "ಅಕ್ಕೋರು ಓದ್ಯಾರ."

ಹೊರಗೆ ಬಂದೆ. ಕೊಗನೊಳ್ಳಿ ಕಡೆಯ ಲಾರಿಗಳು ಹೋಗುತ್ತಿದ್ದವು. ದಾಟಲಾಗದೆ ರಸ್ತೆಯ ಬದಿಗೆ ನಿಂತೆ. ಮೈಯೆಲ್ಲ ಉರಿಯುತ್ತಿತ್ತು. ಚಿತ್ರದ ಜಿಂಕೆಗೆ ಬೆರಳು ಎತ್ತದ ಹೆಂಗಸು ಅದು. ನೇಮ ನೇಮ ಎಂದು ಹತ್ತು ಹೆಜ್ಜೆ ಬಾರದೆ ಹೋದ ಹೆಂಗಸು. ಸಾಯುವ ಹಾಸಿಗೆಯಲ್ಲಿ ನನಗಾಗಿ ಸುಳ್ಳು ಹೇಳಿ ಹೋಗಿದ್ದಾಳೆ. ಯಾರು ಕೇಳಿದ್ದರು? ಅದೇನು ಬರೆದಿದ್ದೀ, ಒಂದೂ ತಿಳಿಯುವುದಿಲ್ಲ ಎಂದಿದ್ದರೆ ನಾನೇನು ಸಾಯುತ್ತಿದ್ದೆನೇ? ವರ್ಷಗಟ್ಟಲೆ ನೆನಪಿಲ್ಲ ನೆನಪಿಲ್ಲ ಎಂದವಳು ನಾನು. ಆ ಮುದುಕಿ ಅದಕ್ಕೆ ಒಂದು ಮಾತು ಬೈಯಲಿಲ್ಲ. ಸುಳ್ಳಾಡಬಾರದೆಂಬ ನೇಮವನ್ನೂ ನನ್ನ ಕೈಗೆ ಕೊಟ್ಟು, ತಾನು ಬರಿಗೈಯಲ್ಲಿ ಹೋದಳು.

ಈಗ ಹೋಗಿ ಜಗಳ ತೆಗೆಯೋಣವೆಂದರೆ ಬಾಜೂ ಮನೆಗೆ ಮೊಬೈಲ್ ಕವರಿನ ಗೋದಾಮು ಬಂದಿದೆ. ಹೊಸ್ತಿಲನ್ನೂ ಕಿತ್ತುಹಾಕಿದ್ದಾರೆ.