ಬಂದವರು ಕುಡಿದ ಮೇಲೆ

ಮರೆವಿನ ಕಾಯಿಲೆ ಇರುವವರಿಗೆ ಚಿತ್ರಕಲೆ ಒಳ್ಳೆಯದೆಂದು ಆನ್‌ಲೈನ್ ತರಬೇತಿಯೊಂದರಲ್ಲಿ ಕಲಿತ ಮೇಲೆ, ಮೂಡಿಗೆರೆಯ ನಮ್ಮ ಮನೆಯಲ್ಲಿ ನನ್ನನ್ನು ಸಹಿಸುವುದು ಕಷ್ಟವಾಯಿತು. ಬಣ್ಣದ ಕಾಗದ, ಹಳೇ ಸೀರೆಯ ಚೂರು, ಜೇಡಿಮಣ್ಣು, ಎಲ್ಲವನ್ನೂ ಅಮ್ಮನ ಮುಂದೆ ಹರಡಿದೆ. ಅವಳು ಎಲ್ಲವನ್ನೂ ನೀಟಾಗಿ ಮಡಚಿಟ್ಟಳು. ಜೇಡಿಮಣ್ಣನ್ನೂ.

ಆ ವಾರದ ಸಂಕಟ ಬೇರೆಯೇ ಇತ್ತು. ಅಮ್ಮ ಏನನ್ನೂ ಕುಡಿಯುತ್ತಿರಲಿಲ್ಲ. ಚಮಚ ತಂದರೆ ತುಟಿ ಬಿಗಿಯುತ್ತಿದ್ದಳು. ಸಂಜೆಯೊಳಗೆ ಕುಡಿಯದಿದ್ದರೆ ಚಿಕ್ಕಮಗಳೂರಿಗೆ ಒಯ್ದು ಡ್ರಿಪ್ ಹಾಕಿಸಿ ಎಂದಿದ್ದರು ಡಾಕ್ಟರು. ಹಿಂದಿನ ಸಲ ಸೂಜಿ ಕಿತ್ತುಕೊಳ್ಳುತ್ತಾಳೆಂದು ಅವಳ ಕೈಗಳನ್ನು ಮಂಚಕ್ಕೆ ಕಟ್ಟಬೇಕಾಗಿ ಬಂದಿತ್ತು.

ಇಂಥ ಹೊತ್ತಿನಲ್ಲಿ ನಾನು ಕಾಫಿ ಡಿಕಾಕ್ಷನ್ನಿನಲ್ಲಿ ಚಿತ್ರ ಬರೆಸಲು ಕೂತೆ. ಪರಿಚಿತ ವಾಸನೆ ನೆನಪನ್ನು ಎಬ್ಬಿಸುತ್ತದಂತೆ. ಇದನ್ನು ಹೇಳುತ್ತಿರುವ ನನಗೇ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ: ಅಂದು ಬಿಸಿಲಿತ್ತು ಅಂದುಕೊಂಡಿದ್ದೇನೆ, ಅಕ್ಕ ಮಂಜಿತ್ತು ಅನ್ನುತ್ತಾಳೆ. ಹಾಳೆಯ ಮೇಲೆ ಬಾಬಾಬುಡನ್‌ಗಿರಿಯ ಗೆರೆ ಎಳೆದೆ.

"ಎಮ್ಮೆ ಯಾಕೆ ಮಲಗ್ಸಿದೀಯ ಮಾರಾಯ್ತಿ?" ಎಂದಳು ಅಕ್ಕ.

ನೀರು ಬೆರೆಸಿದ ಉಗುರುಬೆಚ್ಚಗಿನ ಡಿಕಾಕ್ಷನ್ನನ್ನು ಎರಡು ಲೋಟಕ್ಕೆ ಹಾಕಿ, ಒಂದನ್ನು ಅಮ್ಮನ ಮುಂದಿಟ್ಟೆ. ಇನ್ನೊಂದಕ್ಕೆ ಕುಂಚ ಅದ್ದಿದೆ. ಅಮ್ಮ ಗಾಬರಿಯಿಂದ ಕುಂಚವನ್ನು ತೆಗೆದು ಪಕ್ಕಕ್ಕಿಟ್ಟು, ಲೋಟವನ್ನು ನನ್ನತ್ತ ಸರಿಸಿದಳು.

"ಕುಡೀರಿ. ಆರ್‌ಹೋಗುತ್ತೆ."

"ಅಮ್ಮ, ಇದು ಬಣ್ಣ."

"ನಮ್ಮನೆ ಕಾಫಿ ಬಣ್ಣ ಚೆನ್ನಾಗೇ ಇರುತ್ತೆ. ಕುಡೀರಿ."

ಬಾಗಿಲಲ್ಲಿ ನಿಂತಿದ್ದ ಅಕ್ಕ ಪಿಸುಗುಟ್ಟಿದಳು: "ಕುಡಿಯೇ! ಬಂದೋರು ಕುಡೀದೆ ಅವ್ಳು ಯಾವತ್ತು ಕುಡ್ದಿದಾಳೆ?"

ನಿಜ. ಮನೆಗೆ ಬಂದವರ ಲೋಟ ಖಾಲಿಯಾಗುವವರೆಗೆ ತನ್ನದನ್ನು ಮುಟ್ಟದ ಹೆಂಗಸು ಅವಳು. ನಮ್ಮ ಗುರುತು ಅವಳಿಗೆ ಹತ್ತದೆ ಎಷ್ಟೋ ಕಾಲವಾಗಿತ್ತು; ನಾವೂ ಅವಳಿಗೆ ಬಂದವರೇ. ಅಂಥವಳ ಬಾಯಿಗೆ, ನಾವೊಂದು ಗುಟುಕೂ ಕುಡಿಯದೆ, ಚಮಚ ಹಿಡಿದು ನಿಂತಿದ್ದೆವು. ತರಬೇತಿಯಲ್ಲಿ ಇದನ್ನು ಹೇಳಿದ್ದರೂ ಹೇಳಿರಬಹುದು. ನಾನಾಗ ಸರ್ಟಿಫಿಕೇಟಿಗೆ ಯಾವ ಚೌಕಟ್ಟು ಹಾಕಿಸಲಿ ಎಂದು ಯೋಚಿಸುತ್ತಿದ್ದೆನೇನೋ.

ಕುಡಿದೆ. ಸಕ್ಕರೆಯಿಲ್ಲ, ಹಾಲಿಲ್ಲ, ಜೊತೆಗೆ ಕುಂಚದ ಒಂದು ಕೂದಲು. ಮುಖ ಸಿಂಡರಿಸದೆ ಕೂತದ್ದೇ ಆ ದಿನ ನಾನು ಮಾಡಿದ ಏಕೈಕ ಕಲಾಕೃತಿ. ಅಮ್ಮ ನನ್ನ ಗಂಟಲನ್ನೇ ನೋಡುತ್ತಿದ್ದಳು. ಲೋಟ ಕೆಳಗಿಟ್ಟ ಮೇಲೆ ಸೆರಗು ಸರಿಮಾಡಿಕೊಂಡು ತನ್ನದನ್ನು ಎತ್ತಿದಳು. ಒಂದು ಗುಟುಕು. ಇನ್ನೊಂದು. ಅಕ್ಕ ಹಾಲು ಕಾಯಿಸಲು ಒಳಗೋಡಿದಳು.

"ಇನ್ನೊಂಚೂರು ಹಾಕ್ಲಾ?" ಎಂದಳು ಅಮ್ಮ.

"ಹಾಕಿ," ಎಂದೆ. "ನೀವೂ ತಗೊಳ್ಳಿ."